ರಜೆಯಲ್ಲಿ ಬೆರ್ಮೆತ್ ಎಲ್ಲಿ ಮಲಗಬೇಕು?

ಮಿನೆಸೋಟದ ನಮ್ಮ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ನಿರ್ದೇಶಕರಿಗೆ

ಮಾನ್ಯರೇ,

ಮನೆಯಿಲ್ಲದ ಹುಡುಗಿಗೆ ಮನೆಯಿದೆ ಎಂದು ನಿಮ್ಮ ಕಡತದಲ್ಲಿ ಬರೆದುಕೊಂಡು, ಅದೇ ಕಾರಣಕ್ಕೆ ಅವಳನ್ನು ಹಾಸ್ಟೆಲಿನಿಂದ ಹೊರಗೆ ಹಾಕುತ್ತಿದ್ದೀರಿ. ಇದು ತಪ್ಪು. ಈ ಡಿಸೆಂಬರ್ ಹದಿನಾಲ್ಕರ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಹಾಸ್ಟೆಲಿಗೆ ಬೀಗ ಬೀಳುತ್ತದೆ. ರಜೆಯಲ್ಲಿ ಉಳಿಯುವವರ ಪಟ್ಟಿಯಲ್ಲಿಲ್ಲದವರಿಗೆ ಜನವರಿ ಹನ್ನೊಂದರವರೆಗೆ ತೆರೆಯುವುದಿಲ್ಲ. ಆ ಇಪ್ಪತ್ತೆಂಟು ರಾತ್ರಿ ಮೊದಲ ವರ್ಷದ ಬೆರ್ಮೆತ್ ಎಲ್ಲಿ ಮಲಗಬೇಕು ಎಂಬುದೊಂದೇ ಈ ಪತ್ರದ ಪ್ರಶ್ನೆ. ಉಳಿದದ್ದೆಲ್ಲ ನನ್ನ ಬಾಯಿಚಪಲ, ಬೇಕಾದರೆ ಬಿಟ್ಟು ಓದಿ.

ಮೊದಲೇ ಒಪ್ಪಿಕೊಳ್ಳುತ್ತೇನೆ, ನೀವು ಕೆಟ್ಟವರಲ್ಲ. ನನಗಿರುವ ತೊಂದರೆಯೇ ಅದು. ನಮ್ಮೂರು ಎಲ್ ಆಲ್ಟೊದಲ್ಲಿ ನನ್ನ ಅಮ್ಮ ಸಂತೆಯಲ್ಲಿ ಆಲೂಗಡ್ಡೆ ಮಾರುತ್ತಾಳೆ. ಮಾರಾಟಗಾರರ ಸಂಘದ ಕರಪತ್ರಗಳನ್ನು ಮಂಚದ ಕೆಳಗೆ ಕಟ್ಟುಕಟ್ಟಾಗಿ ಇಟ್ಟಿದ್ದಾಳೆ. ನಾನು ಅಕ್ಷರ ಕೂಡಿಸಲು ಕಲಿತದ್ದು ಅವುಗಳಲ್ಲಿ. ಅಲ್ಲಿ ಬರುವ ಅಧಿಕಾರಿಗಳೆಲ್ಲ ಮೇಜು ಗುದ್ದುತ್ತಾರೆ, ಬಾಗಿಲು ತೋರಿಸುತ್ತಾರೆ. ಅಂಥವರ ಎದುರು ಏನು ಮಾಡಬೇಕೆಂದು ನನಗೆ ಬಾಯಿಪಾಠ ಬರುತ್ತದೆ. ಆದರೆ ಬಿಸ್ಕತ್ತಿನ ಡಬ್ಬಿಯನ್ನು ಮುಂದೆ ಸರಿಸಿ, ಹಿಮಸಾರಂಗದ ಚಿತ್ರವಿರುವ ಸ್ವೆಟರ್ ತೊಟ್ಟುಕೊಂಡು, ‘ಛೆ, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ’ ಎಂದು ಹೇಳಿ ಏನನ್ನೂ ಮಾಡದ ಅಧಿಕಾರಿಯ ಎದುರು ಏನು ಮಾಡಬೇಕು? ಯಾವ ಕರಪತ್ರವೂ ಅದನ್ನು ಬರೆದಿಲ್ಲ. ಹಾಗಾಗಿ ನಾನೇ ಒಂದನ್ನು ಬರೆಯಬೇಕಾಯಿತು.

ಕಾಗದಪತ್ರದ ವಿಷಯದಲ್ಲಿ ನಿಮಗೂ ನಮಗೂ ಮೊದಲ ದಿನದಿಂದ ಹೊಂದಿಕೆಯಿಲ್ಲ. ನಾನು ಅರ್ಜಿ ಹಾಕಿದಾಗ ‘ಶಾಲೆಯ ಮಾರ್ಗದರ್ಶಕರು’ ಬರೆದ ಪತ್ರ ಬೇಕೆಂದಿರಿ. ನಮ್ಮ ಶಾಲೆಯಲ್ಲಿ ಮಾರ್ಗ ತೋರಿಸಲು ಇದ್ದವನು ಗೇಟಿನ ಕಾವಲುಗಾರ ಒಬ್ಬನೇ. ಕೊನೆಗೆ ಹೆಡ್ ಮೇಡಂ ಬರೆದರು. ಮೊಹರಿಲ್ಲದ ಕಾಗದವನ್ನು ಯಾರು ನಂಬುತ್ತಾರೆಂದು ಅಮ್ಮ ಅದರ ಮೇಲೆ ಶಾಲೆಯದೊಂದು, ಬಡಾವಣೆಯ ಸಮಿತಿಯದೊಂದು, ಆಲೂಗಡ್ಡೆ ಸಂಘದ್ದೊಂದು ಮೊಹರು ಒತ್ತಿಸಿದಳು. ‘ಪತ್ರದ ಅಕ್ಷರಗಳು ಕಾಣುತ್ತಿಲ್ಲ, ದಯವಿಟ್ಟು ಮೊಹರಿಲ್ಲದೆ ಕಳಿಸಿ’ ಎಂದು ನೀವು ಉತ್ತರಿಸಿದಿರಿ. ಆಮೇಲೆ ‘ನೀವು ಸೇರಿರುವ ಒಂದು ಸಮುದಾಯದ ಬಗ್ಗೆ ಬರೆಯಿರಿ’ ಎಂದಿರಿ. ನೀರಿನ ನಲ್ಲಿಗಾಗಿ ನಮ್ಮ ಬೀದಿಯವರು ಹನ್ನೊಂದು ದಿನ ರಸ್ತೆ ತಡೆದದ್ದನ್ನು ಬರೆದೆ. ಪ್ರವೇಶಪತ್ರದ ಅಂಚಿನಲ್ಲಿ ಯಾರೋ ನೀಲಿ ಶಾಯಿಯಲ್ಲಿ, ‘ನಿಮ್ಮಂಥ ದನಿ ನಮ್ಮ ಕಾಲೇಜಿಗೆ ಸಿಕ್ಕರೆ ಅದು ನಮ್ಮ ಭಾಗ್ಯ’ ಎಂದು ಬರೆದಿದ್ದರು. ಭಾಗ್ಯ ಬಂದಿದೆ, ಮಾನ್ಯರೇ. ಸ್ವೀಕರಿಸಿ.

ಈಗ ಬೆರ್ಮೆತ್‌ಳ ವಿಷಯ. ಕಿರ್ಗಿಸ್ತಾನದ ಬೆಟ್ಟಗಳ ನಡುವಿನ ನಾರಿನ್ ಎಂಬ ಊರಿನವಳು. ಹತ್ತೊಂಬತ್ತು ವರ್ಷ, ಗಣಿತ ಓದುತ್ತಾಳೆ, ನನ್ನ ಪಕ್ಕದ ಕೋಣೆ. ಆಗಸ್ಟಿನಲ್ಲಿ ಹೊಸ ವಿದ್ಯಾರ್ಥಿಗಳಿಗೆಲ್ಲ ನೀವು ಊರಿನ ಒಂದೊಂದು ‘ಸ್ನೇಹ ಕುಟುಂಬ’ವನ್ನು ಜೋಡಿಸಿದಿರಿ. ಬೆರ್ಮೆತ್‌ಗೆ ಸಿಕ್ಕವರು ಲಿಂಡ್‌ಕ್ವಿಸ್ಟ್ ದಂಪತಿ, ಡಾರ್ಲೀನ್ ಮತ್ತು ವರ್ನ್, ಇಬ್ಬರಿಗೂ ಎಪ್ಪತ್ತು ದಾಟಿದೆ. ಕೆರೆಯ ದಂಡೆಯ ವನಭೋಜನದಲ್ಲಿ ಡಾರ್ಲೀನ್ ಅವಳ ಎರಡೂ ಕೈ ಹಿಡಿದು, ‘ನೋಡು ಮಗಳೇ, ನಮ್ಮನೆ ಬಾಗ್ಲು ನಿಂಗೆ ಯಾವಾಗ್ಲೂ ತೆಗೆದೇ ಇರುತ್ತೆ. ಯಾವಾಗ ಬೇಕಾದ್ರೂ ಬಾ,’ ಎಂದರು. ನೀವು ಪಕ್ಕದಲ್ಲೇ ಕಾಗದದ ತಟ್ಟೆ ಹಿಡಿದು ನಿಂತು ತಲೆಯಾಡಿಸಿದಿರಿ. ನಾನು ನೋಡಿದ್ದೇನೆ.

ನಾರಿನ್‌ನಲ್ಲಿ ಈ ಮಾತಿಗೆ ಒಂದೇ ಅರ್ಥ: ಬಾ. ಅಲ್ಲಿ ಕರೆದವರ ಮನೆಗೆ ಹೋಗದಿದ್ದರೆ ಅವರಿಗೆ ಅವಮಾನ. ನವೆಂಬರಿನ ಮೊದಲ ವಾರ ‘ಥ್ಯಾಂಕ್ಸ್‌ಗಿವಿಂಗ್ ಮತ್ತು ಚಳಿಗಾಲ, ಎರಡೂ ರಜೆಗಳಲ್ಲಿ ನೀವು ಎಲ್ಲಿರುತ್ತೀರಿ?’ ಎಂಬ ನಿಮ್ಮ ನಮೂನೆ ಬಂತು. ಹೋಗಲು ಜಾಗವಿಲ್ಲದವರು ‘ಹಾಸ್ಟೆಲಿನಲ್ಲೇ ಉಳಿಯುತ್ತೇನೆ’ ಎಂಬ ಚೌಕಕ್ಕೆ ಗುರುತು ಹಾಕಬೇಕು. ಕೊನೆಯ ದಿನ ನವೆಂಬರ್ ಎಂಟು. ಬೆರ್ಮೆತ್ ಬಹಳ ಸಂತೋಷದಿಂದ ಲಿಂಡ್‌ಕ್ವಿಸ್ಟರ ವಿಳಾಸ ಬರೆದಳು.

ಥ್ಯಾಂಕ್ಸ್‌ಗಿವಿಂಗ್ ರಜೆಯ ಬುಧವಾರ, ಬೀಗ ಬೀಳುವ ಮೊದಲು, ಇಬ್ಬರೂ ಅವಳ ಸೂಟ್‌ಕೇಸ್ ಎಳೆದುಕೊಂಡು ಹೊರಟೆವು. ನಾನು ಜೊತೆಗೆ ಹೋದದ್ದು ದಾರಿಯಲ್ಲಿ ಹಿಮ ಗಟ್ಟಿಯಾಗಿದ್ದುದರಿಂದ. ಅವಳ ಕೈಯಲ್ಲಿ ಒಂದು ಡಬ್ಬಿ. ಬರಿಗೈಯಲ್ಲಿ ಹೋಗಬಾರದೆಂದು ಬೆಳಿಗ್ಗೆಯೇ ಹಾಸ್ಟೆಲಿನ ಅಡುಗೆಮನೆಯಲ್ಲಿ ಬೋರ್ಸೋಕ್ ಎಂಬ ತನ್ನೂರಿನ ಹಿಟ್ಟಿನ ತಿಂಡಿ ಕರಿದಿದ್ದಳು, ನಮ್ಮ ಕೋಣೆಗಳನ್ನೆಲ್ಲ ಇನ್ನೂ ಆ ಎಣ್ಣೆಯ ವಾಸನೆ ಬಿಟ್ಟಿಲ್ಲ.

‘ಬರ್ತೀನಿ ಅಂತ ಫೋನ್ ಮಾಡಿದ್ಯೇನೇ?’ ಎಂದು ಅರ್ಧ ದಾರಿಯಲ್ಲಿ ಕೇಳಿದೆ.

‘ಕರೆದವರ ಮನೆಗೆ ಹೋಗೋಕೆ ಫೋನ್ ಯಾಕಕ್ಕಾ? ಹಂಗೆ ಮಾಡಿದ್ರೆ, ನೀವು ಕರೆದಿದ್ದು ನಿಜಾನಾ ಅಂತ ಕೇಳಿದಂಗಾಗಲ್ವಾ?’

ಎರಡನೇ ವರ್ಷದವಳಾದ ನಾನು ಅವಳ ತೋಳು ಹಿಡಿದು ನಿಲ್ಲಿಸಹೋದೆ. ಆದರೆ ಅಷ್ಟರಲ್ಲಿ ಮನೆ ಬಂದಿತ್ತು.

ಅಂಗಳದಲ್ಲಿ ವರ್ನ್ ಕಾರಿಗೆ ಪೆಟ್ಟಿಗೆ ತುಂಬುತ್ತಿದ್ದರು. ಸೂಟ್‌ಕೇಸನ್ನು ನೋಡಿದರು, ಬೆರ್ಮೆತ್‌ಳನ್ನು ನೋಡಿದರು, ಡಬ್ಬಿಯನ್ನು ನೋಡಿದರು. ‘ಓ,’ ಎಂದರು. ಮಿನೆಸೋಟದವರು ಭೂಕಂಪವಾದರೂ ಇದಕ್ಕಿಂತ ಹೆಚ್ಚು ಮಾತಾಡುವುದಿಲ್ಲ. ಡಾರ್ಲೀನ್ ಹೊರಗೆ ಬಂದರು. ಅವರ ಮುಖ ಕೆಂಪಾಯಿತು.

‘ಅಯ್ಯೋ ಮಗಳೇ. ಬಾ ಅಂದಿದ್ದು ಹೌದು ಕಣೆ. ಆದ್ರೆ ಅದು... ಹಂಗೆ ಎಲ್ರಿಗೂ ಹೇಳ್ತೀವಲ್ಲ... ನಾವೀಗ ಅರಿಜೋನಾಕ್ಕೆ ಹೊರಟ್ವಿ. ಮಗಳ ಮನೆಗೆ. ಬರೋದು ಏಪ್ರಿಲ್ಲಿಗೆ.’

ಬೆರ್ಮೆತ್ ಡಬ್ಬಿಯನ್ನು ಅವರ ಕೈಗೆ ಕೊಟ್ಟಳು. ಬೇರೇನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ. ಡಾರ್ಲೀನ್ ಅಲ್ಲೇ ನಿಂತು ಒಂದನ್ನು ಬಾಯಿಗೆ ಹಾಕಿಕೊಂಡರು. ‘ಚೆನ್ನಾಗಿದೆ,’ ಎಂದರು, ಅಗಿಯುತ್ತಲೇ, ‘ಒಂಥರಾ ಬೇರೆ ಥರ ಇದೆ.’ ಕಣ್ಣಲ್ಲಿ ನೀರಿತ್ತು.

‘ಭಾನುವಾರದ ತನಕ ಹುಡುಗಿ ಇಲ್ಲೇ ಇರ್ಲಿ ಬಿಡೇ,’ ಎಂದು ವರ್ನ್ ಜೇಬಿನಿಂದ ಬೀಗದಕೈ ತೆಗೆದರು. ‘ಸೋಮವಾರ ಕೊಳಾಯಿಯವ್ನು ಬಂದು ನೀರು ನಿಲ್ಲಿಸ್ತಾನೆ, ಆಮೇಲೆ ಮನೆ ತಣ್ಣಗಾಗುತ್ತೆ. ಅಲ್ಲೀತನಕ ಫ್ರಿಜ್ಜಲ್ಲಿ ಏನಿದ್ಯೋ ತಿನ್ಕೊಳ್ಳಮ್ಮ.’

ಹೀಗೆ ಬೆರ್ಮೆತ್ ನಾಲ್ಕು ರಾತ್ರಿ ಅತಿಥೇಯರಿಲ್ಲದ ಮನೆಯಲ್ಲಿ ಅತಿಥಿಯಾಗಿದ್ದಳು. ಆ ಮುದುಕರನ್ನು ನಾನು ದೂರುವುದಿಲ್ಲ. ಆಡಿದ ಮಾತಿಗೆ ನಾಚಿ ಅಪರಿಚಿತಳ ಕೈಗೆ ಮನೆಯ ಬೀಗದಕೈ ಕೊಟ್ಟವರು ಅವರು. ನೀವು?

ಸೋಮವಾರ ಇಬ್ಬರೂ ನಿಮ್ಮ ಕಚೇರಿಗೆ ಬಂದೆವು. ನೀವು ಊಟಕ್ಕೆ ಹೋಗಿದ್ದಿರಿ. ಮುಂದಿನ ಮೇಜಿನಲ್ಲಿದ್ದ ನಿಮ್ಮ ಸಹಾಯಕರ ಜೊತೆ ಬೆರ್ಮೆತ್ ಆಡಿದ ಮಾತು ಇಷ್ಟು:

‘ಚಳಿಗಾಲದ ರಜೆಗೆ ನಂಗೆ ಹಾಸ್ಟೆಲಲ್ಲಿ ಜಾಗ ಬೇಕಿತ್ತು.’

‘ನಿಮ್ಮ ಹೆಸರಿನ ಮುಂದೆ, ಊರಲ್ಲೇ ಮನೆ ಇದೆ ಅಂತಿದ್ಯಲ್ಲಮ್ಮ.’

‘ಆ ಮನೆಗೆ ಬೀಗ ಹಾಕಿದ್ದಾರೆ. ನೀರೂ ಇಲ್ಲ.’

‘ಸರಿ, ಆದ್ರೆ ಮನೆ ಇದೆ ಅಲ್ವಾ?’

ಬೆರ್ಮೆತ್ ಗಣಿತದವಳು, ತರ್ಕ ಸರಿಯಿದೆ ಎಂದು ಒಪ್ಪಿಕೊಂಡುಬಿಟ್ಟಳು. ನಾನು ಒಪ್ಪಲಿಲ್ಲ. ಕಾದು ನಿಮ್ಮನ್ನೇ ಕಂಡೆವು, ಸಿಕ್ಕಿದ್ದು ಮೊದಲು ಹೇಳಿದ ಬಿಸ್ಕತ್ತು. ಸಂಜೆಗೆ ನಿಮ್ಮಿಂದಲೇ ಮಿಂಚಂಚೆ ಬಂತು: ಕೊನೆಯ ದಿನ ಕಳೆದಿದೆ, ಪಟ್ಟಿ ಮುಗಿದಿದೆ, ‘ನಿಮ್ಮ ಆಪ್ತರೊಂದಿಗೆ ಬೆಚ್ಚನೆಯ ರಜೆ ನಿಮ್ಮದಾಗಲಿ’.

ಬೆಚ್ಚನೆಯ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಹಾಸ್ಟೆಲನ್ನು ಇಪ್ಪತ್ತಾರು ವರ್ಷದಿಂದ ನೋಡಿಕೊಳ್ಳುತ್ತಿರುವ ಡ್ವೇನ್ ಅವರನ್ನು ಕೇಳಿದೆ, ರಜೆಯಲ್ಲಿ ಕಟ್ಟಡ ಎಷ್ಟು ತಣ್ಣಗಿರುತ್ತದೆಂದು. ಅವರು ನಕ್ಕರು. ‘ತಣ್ಣಗಾ? ಶಾಖ ನಿಲ್ಸಿದ್ರೆ ಗೋಡೆ ಒಳಗಿನ ಪೈಪೆಲ್ಲ ಒಡೆದು ಹೋಗುತ್ತೆ ಕಣಮ್ಮಾ. ಇಡೀ ರಜೆ ಬಾಯ್ಲರ್ ಉರೀತಾನೇ ಇರುತ್ತೆ. ಮೂರನೇ ಮಹಡೀಲಿ ಬ್ಯಾಸ್ಕೆಟ್‌ಬಾಲ್ ಆಡೋರು ಇರ್ತಾರೆ, ಪಟ್ಟೀಲಿರೋ ಏಳೆಂಟು ಜನ ಇರ್ತಾರೆ, ಆರು ಕೋಣೆ ಖಾಲಿ. ದಿನಾ ನಾನೇ ಗುಡಿಸ್ತೀನಲ್ಲ.’ ಇದನ್ನು ಬೆರ್ಮೆತ್‌ಗೆ ಹೇಳಿದೆ. ಅವಳು ಐದಡಿ ಒಂದಂಗುಲ. ‘ಬ್ಯಾಸ್ಕೆಟ್‌ಬಾಲ್ ಕಲಿಯೋಕೆ ಎಷ್ಟು ದಿನ ಬೇಕಕ್ಕಾ?’ ಎಂದಳು.

ಅಂದರೆ ಕೊಳವೆಗಳು ಬೆಚ್ಚಗಿರುತ್ತವೆ, ಖಾಲಿ ಕೋಣೆಗಳು ಬೆಚ್ಚಗಿರುತ್ತವೆ. ನಿಮ್ಮ ಹೊಸ ಪ್ರವೇಶ ಪುಸ್ತಿಕೆಯ ಮುಖಪುಟದಲ್ಲಿ ಬಿಳಿ ಟೊಪ್ಪಿಗೆ ಹಾಕಿಕೊಂಡು ನಗುವ ಬೆರ್ಮೆತ್‌ಳ ಚಿತ್ರ, ‘ಇದು ನಿಮ್ಮ ಎರಡನೇ ಮನೆ’ ಎಂಬ ಸಾಲಿನ ಕೆಳಗೆ, ಪ್ರವೇಶ ಕಚೇರಿಯ ಕಪಾಟಿನಲ್ಲಿ ಸಾವಿರ ಪ್ರತಿಯಾಗಿ ಬೆಚ್ಚಗಿರುತ್ತದೆ. ಅವಳೊಬ್ಬಳು ಮಾತ್ರ ಇರಕೂಡದು. ನಿಯಮವನ್ನು ಮಾಡಿದವರಿಗೆ ಹುಡುಗಿಗಿಂತ ಕೊಳವೆಯ ಕಷ್ಟ ಬೇಗ ತಿಳಿಯಿತು, ಯಾಕೆಂದರೆ ಕೊಳವೆ ಒಡೆದರೆ ಸದ್ದಾಗುತ್ತದೆ.

ಊರಿಗೆ ಹೋಗಬಹುದಲ್ಲ ಎನ್ನುತ್ತೀರಾ? ಅವಳ ವೀಸಾದಲ್ಲಿ ಒಮ್ಮೆ ಮಾತ್ರ ಒಳಬರಬಹುದು. ಹೋದರೆ ಮತ್ತೆ ವೀಸಾ ಕಚೇರಿಯ ಗಾಜಿನ ಕಿಟಕಿಯ ಮುಂದೆ ನಿಂತು, ‘ಓದಲಿಕ್ಕೇ ಹೋಗುತ್ತಿದ್ದೇನೆ’ ಎಂದು ಇನ್ನೊಮ್ಮೆ ನಂಬಿಸಬೇಕು. ಅವರು ನಂಬದಿದ್ದರೆ ಅವಳ ಗಣಿತ ಅಲ್ಲಿಗೆ ಮುಗಿಯಿತು. ಹಾಗೆಂದೇ ಅವಳು ಹೋಗಲಾರಳು. ನನಗೆ ಸಹಪಾಠಿಯೊಬ್ಬಳ ಮನೆಯ ನೆಲಮಾಳಿಗೆಯಲ್ಲಿ ಒಂದು ಸೋಫಾ ಸಿಕ್ಕಿದೆ. ಅದನ್ನೇ ಅವಳಿಗೆ ಕೊಡಲು ಹೋದೆ. ‘ಮತ್ತೆ ನೀನೆಲ್ಲಿ ಮಲಗ್ತೀಯಕ್ಕಾ?’ ಎಂದಳು. ನನ್ನ ಹತ್ತಿರ ಇರುವುದು ಒಂದೇ ಸೋಫಾ. ನಿಮ್ಮ ಹತ್ತಿರ ಆರು ಕೋಣೆಗಳಿವೆ.

ನಮ್ಮೂರಿನಲ್ಲಾಗಿದ್ದರೆ ಈ ಹೊತ್ತಿಗೆ ರಸ್ತೆಗೆ ಕಲ್ಲು ಬಿದ್ದಿರುತ್ತಿತ್ತು. ಇಲ್ಲಿ ರಸ್ತೆಯನ್ನು ಹಿಮವೇ ತಡೆದಿರುವುದರಿಂದ ನನಗೆ ಕೆಲಸವಿಲ್ಲ. ಆದ್ದರಿಂದ ಕೇಳುವುದು ಇಷ್ಟೇ. ಬೆರ್ಮೆತ್‌ಳ ಹೆಸರಿನ ಮುಂದಿರುವ ಆ ಸುಳ್ಳು ಮನೆಯನ್ನು ಹೊಡೆದುಹಾಕಿ, ಮೂರನೇ ಮಹಡಿಯ ಒಂದು ಕೋಣೆಯ ಬೀಗದಕೈಯನ್ನು ಅವಳಿಗೆ ಕೊಡಿ. ಮುಂದಿನ ವರ್ಷದಿಂದ ನಿಮ್ಮ ನಮೂನೆಯಲ್ಲಿ, ಯಾರ ವಿಳಾಸ ಬರೆಯುತ್ತೀರೋ ಅವರ ಒಪ್ಪಿಗೆಯ ಸಹಿಯನ್ನೂ ಕೇಳಿ. ಬೇಕಾದರೆ ಮೊಹರನ್ನೂ ಕೇಳಿ, ನಮ್ಮವರು ಮೂರು ಒತ್ತುತ್ತಾರೆ.

‘ಯಾವಾಗ ಬೇಕಾದರೂ ಬಂದು ನನ್ನನ್ನು ಕಾಣಿ’ ಎಂದು ನಿಮ್ಮ ಕಚೇರಿಯ ಬಾಗಿಲ ಮೇಲೆ ಬರೆದಿದೆ. ಈ ಊರಿನಲ್ಲಿ ಆ ಮಾತಿಗೆ ಏನು ಬೆಲೆಯೆಂದು ನಾವೀಗ ಕಲಿತಿದ್ದೇವೆ, ಆದ್ದರಿಂದ ಹೊತ್ತನ್ನು ನಾವೇ ಗೊತ್ತು ಮಾಡಿದ್ದೇವೆ: ಡಿಸೆಂಬರ್ ಹನ್ನೆರಡು, ಗುರುವಾರ, ಮಧ್ಯಾಹ್ನ ಮೂರು ಗಂಟೆ, ನಿಮ್ಮ ಕಚೇರಿಯಲ್ಲಿ. ಬೆರ್ಮೆತ್ ಬರುತ್ತಾಳೆ, ನಾನು ಬರುತ್ತೇನೆ, ಸೂಟ್‌ಕೇಸೂ ಬರುತ್ತದೆ.

ಇಂತಿ,
ಕೆಟ್ಟ ಅಧಿಕಾರಿ ಸಿಕ್ಕಿದ್ದರೆ ಇಷ್ಟು ಉದ್ದ ಬರೆಯಬೇಕಾಗುತ್ತಿರದ
ವಿಲ್ಮಾ ಚೋಕೆ
ಎರಡನೇ ವರ್ಷ