ಚರಣಗಳ ನಡುವೆ

ಸೆಪ್ಟೆಂಬರ್ 8, ಸೋಮವಾರ
ಖಾಲಿ ಚರ್ಚು, ಮೇಲಿನ ಅಟ್ಟದಲ್ಲಿ ಆರ್ಗನ್, ನಾನು. ಎಂದಿನಂತೆ. ಭಾನುವಾರದ ಪೂಜೆಗೆ ನನಗೆ ಕಲಿಸಿದ ಮೇಷ್ಟ್ರು ನುಡಿಸುತ್ತಿದ್ದರು, ವಾರದ ದಿನಗಳ ಅಭ್ಯಾಸ ನನ್ನದು. ಮೇಷ್ಟ್ರು ತೀರಿಕೊಂಡರು. ಅಭ್ಯಾಸ ನಿಂತಿಲ್ಲ. ಚರಣ ಮುಗಿದರೂ ಸ್ವರ ಚಾವಣಿಯಲ್ಲಿ ಸುತ್ತುತ್ತಿರುತ್ತದೆ. ಅದು ಅಡಗಿದ ಮೇಲೆ ಮುಂದಿನ ಚರಣ — ಇದು ನನ್ನ ಲೆಕ್ಕ.
ಫಾದರ್ ಬಂದು, ಮೇಷ್ಟ್ರ ಜಾಗಕ್ಕೆ ಇಬ್ಬರೇ ಉಳಿದಿದ್ದೀರಿ ಅಂದರು. ನಾನು, ಮತ್ತೆ... ಗಡಿಬಿಡಿ! ನನ್ನ ಜೊತೆಯಲ್ಲೇ ಕಲಿತವಳು. ತಾಳ ಬಿಟ್ಟು ಓಡುತ್ತಿದ್ದಳೆಂದು ಆ ಹೆಸರಿಟ್ಟವಳೇ ನಾನು. ನಗು ಬಂತು.

ಸೆಪ್ಟೆಂಬರ್ 12
ಅಕ್ಕನಿಗೆ ಫೋನ್ ಮಾಡಿದೆ. “ಸಿಗದಿದ್ರೆ ಏನಂತೆ, ಮನೇಲಿ ಪಿಯಾನೋ ಇದ್ಯಲ್ಲೇ” ಅಂದಳು. ಹಿಂದಿನಿಂದ ಯಾರೋ ಕರೆದರು, ಇಟ್ಟುಬಿಟ್ಟಳು.
ಸಿಗದಿದ್ದರೆ ಚರ್ಚಿನ ಬೀಗದ ಕೈ ವಾಪಸ್ ಕೊಡಬೇಕು. ಬೆಳಗಾದರೆ ಹೋಗಲು ನನಗೆ ಇನ್ನೊಂದು ಜಾಗವಿಲ್ಲ. ಇದನ್ನು ಅಕ್ಕನಿಗೆ ಹೇಳಬೇಕಿತ್ತು.

ಸೆಪ್ಟೆಂಬರ್ 21, ಭಾನುವಾರ, ಮಧ್ಯಾಹ್ನ
ಪೂಜೆಯಲ್ಲೇ ಪರೀಕ್ಷೆ. ಮೊದಲರ್ಧ ನನ್ನದು, ಉಳಿದದ್ದು ಅವಳದು. ಕಾಲಿಡಲು ಜಾಗವಿಲ್ಲದಷ್ಟು ಜನ.
ಮೊದಲ ಚರಣ ಮುಗಿಸಿ ಕೈ ಎತ್ತಿದೆ... ಮಾರ್ದನಿಯೇ ಇಲ್ಲ! ಅಷ್ಟು ಜನರ ಮೈ, ಬಟ್ಟೆ ಎಲ್ಲ ಸೇರಿ ಸ್ವರವನ್ನು ನುಂಗಿಬಿಟ್ಟಿದ್ದವು. ಅಡಗಿತಲ್ಲ ಎಂದು ಕೈ ತಾನೇ ಮುಂದಿನ ಚರಣಕ್ಕೆ ಇಳಿಯಿತು. ಜನ ಇನ್ನೂ ಉಸಿರೆಳೆದಿರಲಿಲ್ಲ. ಪ್ರತಿ ಚರಣಕ್ಕೂ ಅದೇ ಕಥೆ. ನನಗೆ ಗೊತ್ತಾಗುತ್ತಿದೆ, ಕೈ ಮಾತು ಕೇಳುತ್ತಿಲ್ಲ. ಕೊನೆಗೆ ಅರ್ಧ ಜನ ಹಾಡುವುದನ್ನೇ ಬಿಟ್ಟರು.
ಗಡಿಬಿಡಿ ಕೂತಳು. ಚರಣ ಮುಗಿದಾಗಲೆಲ್ಲ ಬಾಯಿ ತೆರೆದು ತಾನೂ ಉಸಿರೆಳೆದಳು. ಇಡೀ ಚರ್ಚು ಅವಳ ಜೊತೆ ಎಳೆಯಿತು. ಚೆನ್ನಾಗಿ ನುಡಿಸಿದಳು. ಹೊಟ್ಟೆ ಉರಿಯಿತು.
ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿದಳು. “ಯಾಕೇ ಹಾಗೆ ಓಡಿದೆ? ನೀನಾ ಅದು!”
“ಜನ ಇರೋ ಕಡೆ ನುಡಿಸಿ ಅಭ್ಯಾಸ ಇಲ್ಲ ಕಣೇ” ಅಂದೆ. ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ 27
ಮೇಷ್ಟ್ರ ಜಾಗ ಅವಳಿಗೇ ಆಯಿತು. ಬೀಗದ ಕೈ ಫಾದರ್ ಮೇಜಿನ ಮೇಲಿಟ್ಟು ಬಂದೆ. ಸಂಜೆ ಅವಳ ಫೋನ್: “ನಾಳೆ ಬಾರೇ. ಕೆಳಗೆ ಕೂತು ಸುಮ್ನೆ ಹಾಡು.” ಆಗಲಿ ಅನ್ನಲಿಲ್ಲ.

ಸೆಪ್ಟೆಂಬರ್ 28, ಭಾನುವಾರ
ಹೋದೆ. ಬೆಂಚಿನ ನಡುವೆ ಜಾಗ ಸಿಕ್ಕಿತು, ಎರಡೂ ಕಡೆ ಜನ. ಮೊದಲ ಚರಣ ಮುಗಿಯಿತು, ಮೇಲೆ ಅವಳು ಕೈ ಎತ್ತಿರಬೇಕು. ಸುತ್ತ ಎಲ್ಲರೂ ಉಸಿರೆಳೆದರು. ನಾನೂ ಎಳೆದೆ. ಹಾಡು ಬರಲಿಲ್ಲ, ಅಳು ಬಂತು. ಸಾಲು ತಪ್ಪಿದೆ ಅಂದುಕೊಂಡರೇನೋ ಪಕ್ಕದ ಅಜ್ಜಿ. ತಮ್ಮ ಪುಸ್ತಕ ನನ್ನ ಕಡೆ ಸರಿಸಿ, ಬೆರಳಿಟ್ಟು ತೋರಿಸಿದರು. “ಇಲ್ಲಿದ್ದೀವಿ ನೋಡಮ್ಮ” ಅಂದರು. ಆ ಬೆರಳಿದ್ದ ಸಾಲಿನಿಂದ ನಾನೂ ಹಾಡಿದೆ.