ಎರಡನೆಯ ಗುಂಡಿಗೆ ಬಿದ್ದ ಬೂದಿ

ನಲ್ಲೂರು
೨-೬-೧೯೮೩, ಗುರುವಾರ

ಪತಿದೇವರಿಗೆ,

'ಪ್ರೀತಿಯ' ಎಂಬ ಮಾತನ್ನು ಈ ಸಲ ಬೇಕೆಂದೇ ಬಿಟ್ಟಿದ್ದೇನೆ. ಆರೋಗ್ಯವೇ? ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆಯೇ? ಜಗಳೂರಿನ ಬಿಸಿಲು ತಲೆಗೇರಿದೆ ಎಂಬುದು ನಿಮ್ಮ ಕಾರ್ಡಿನಿಂದಲೇ ತಿಳಿಯಿತು. ಇಲ್ಲಿ ಎಲ್ಲರೂ ಕ್ಷೇಮ. ಮಾವನವರ ಮಂಡಿನೋವು ಇಳಿದಿದೆ. ಕಂದು ಹಸು ಹೆಣ್ಣು ಕರು ಹಾಕಿದೆ. ನನಗೆ ಮಾತ್ರ ಮೈಯೆಲ್ಲ ಸಿಟ್ಟು.

ಆ ಕಾರ್ಡನ್ನು ನನಗಿಂತ ಮೊದಲು ಓದಿದವನು ಅಂಚೆಯ ಬೆನಕಪ್ಪ. ಅಂಗಡಿ ಕಟ್ಟೆಯ ಮೇಲೆ ಕೂತವರಿಗೆಲ್ಲ ಓದಿ ಹೇಳಿ, ಆಮೇಲೆ ಮನೆಗೆ ತಂದ. "ಬೂದಿ ಬಗ್ಗೆ ಏನೋ ಬರ್ದಾರೆ ನೋಡ್ರವ್ವಾ, ನಿಮಗೆ ಇದೆಲ್ಲ ತಿಳಿಯಾದಿಲ್ವಂತೆ" ಎಂದು ಹಲ್ಲು ಕಿರಿದ. ಹೆಂಡತಿಯನ್ನು ಬೈಯುವುದಿದ್ದರೆ ಅಂಟಿಸಿದ ಇನ್‌ಲ್ಯಾಂಡಿನಲ್ಲಿ ಬೈಯಬಾರದಿತ್ತೇ? ನೋಡಿ, ನಾನು ಅಂಟಿಸಿಯೇ ಕಳಿಸುತ್ತಿದ್ದೇನೆ.

ಕಾಲೇಜಿನವರು ಬೇಸಿಗೆ ರಜೆಯ ಸಂಶೋಧನೆಗೆ ನಾಲ್ಕೇ ಹುಡುಗರನ್ನು ಆರಿಸಿದ್ದಾರೆ, ಅದರಲ್ಲಿ ನೀವೊಬ್ಬರು ಎಂದು ಬೀದಿಗೆಲ್ಲ ಸಕ್ಕರೆ ಹಂಚಿದವಳು ನಾನೇ. ಅಂಗಡಿ ಗೊಬ್ಬರ ಕಡಿಮೆ ಮಾಡಿ ಭೂಮಿಯ ಕಸುವು ಉಳಿಸುವುದು ಹೇಗೆ ಎಂದು ಕಂಡುಹಿಡಿಯುತ್ತೀರಿ ಎಂದಿರಿ. ಹಿತ್ತಲಲ್ಲಿ ಎರಡು ಗುಂಡಿ ತೋಡಿಸಿ ಒಂದಕ್ಕೆ ಸಗಣಿ, ಹುಲ್ಲು ತುಂಬಿಸಿದಿರಿ. ಎರಡನೆಯದಕ್ಕೆ ಅವುಗಳ ಜೊತೆ ಹೊಂಗೆ ಸೊಪ್ಪು. ಕಾಲೇಜಿನವರು ಜಗಳೂರಿನಲ್ಲಿ ತೋಡಿಸಿದ ಗುಂಡಿಗಳನ್ನು ನೋಡಿಕೊಂಡು ಭಾನುವಾರ ಭಾನುವಾರ ಬರುತ್ತೇನೆ ಎಂದವರು ಒಂದು ಭಾನುವಾರವೂ ಬರಲಿಲ್ಲ. ನಲವತ್ತೆಂಟು ದಿನ ಮುಖ ತೊಳೆಯುವ ಮೊದಲೇ ಗುಂಡಿಗೆ ಥರ್ಮಾಮೀಟರ್ ಇಳಿಸಿ, ಕೋಲು ಊರಿ ಎಷ್ಟು ಕುಸಿದಿದೆ ಎಂದು ಅಳೆದು ಪುಸ್ತಕದಲ್ಲಿ ಬರೆದವಳು ನಾನು. ಜ್ವರ ಬಂದ ದಿನವೂ ಬಿಡಲಿಲ್ಲ.

ಹನ್ನೊಂದನೆಯ ದಿನ ಅತ್ತೆಯವರು ಒಲೆಯ ಬೂದಿಯನ್ನು ಎರಡನೆಯ ಗುಂಡಿಗೆ ಸುರಿದರು. ಮೂವತ್ತು ವರ್ಷದಿಂದ ಅವರು ಬೂದಿ ಸುರಿಯುವುದು ತಿಪ್ಪೆಗೇ, ಅವರ ಪಾಲಿಗೆ ಈ ಗುಂಡಿಯೂ ತಿಪ್ಪೆಯೇ. ನಾನು ಓಡುವಷ್ಟರಲ್ಲಿ ಮೂರು ಬುಟ್ಟಿ ಬಿದ್ದಾಗಿತ್ತು. "ತಿಪ್ಪೆಗೆ ಹಾಕದೆ ತಲೆ ಮೇಲೆ ಸುರ್ಕಳಾಕೆ ಆಗ್ತೈತೇನೆ?" ಎಂದು ನನ್ನನ್ನೇ ಗದರಿದರು. ನಿಮ್ಮ ತಲೆಯ ಮೇಲೆ ಸುರಿಯಬಹುದಿತ್ತು ಎಂದು ಈಗ ನನಗೆ ಅನ್ನಿಸುತ್ತಿದೆ. ಬಿದ್ದದ್ದನ್ನು ಬಿದ್ದ ಹಾಗೆ ಪುಸ್ತಕದಲ್ಲಿ ಬರೆದೆ, ನಿಮಗೂ ತಿಳಿಸಿದೆ.

ಆ ಗುಂಡಿಯ ಗೊಬ್ಬರ ಮೊದಲನೆಯದಕ್ಕಿಂತ ಬೇಗ ಕಳಿತಿದೆ. ಅದಕ್ಕೆ ನಿಮ್ಮ ಕಾರ್ಡಿನ ಅಪ್ಪಣೆ ಏನು? "ಬೂದಿಯ ಸಾಲನ್ನು ಹೊಡೆದುಹಾಕು, ಪುಸ್ತಕ ಕಳಿಸು, ಎಲ್ಲವನ್ನೂ ನನ್ನ ಅಕ್ಷರದಲ್ಲಿ ಬರೆದುಕೊಳ್ಳುತ್ತೇನೆ, ನೀನು ಅಳೆದದ್ದು ಯಾರಿಗೂ ತಿಳಿಯಬಾರದು!" ಸೊಪ್ಪಿನಿಂದ ಕಳಿಯಿತೋ ಬೂದಿಯಿಂದಲೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆಯಲು ಅಷ್ಟು ಕಷ್ಟವೇ? ಮಾವನವರು ನಿಮ್ಮ ಮಾತು ನಂಬಿ ಕೆರೆಬಿಳಚಿಯ ನೆಂಟರಿಗೂ ಸೊಪ್ಪು ತುಂಬಿ ಎಂದು ಹೇಳಿ ಬಂದಿದ್ದಾರೆ. ಅವರ ಗುಂಡಿ ಕಳಿಯದಿದ್ದರೆ ಬೈಸಿಕೊಳ್ಳುವವರು ಯಾರು? ತಿಪ್ಪೆ ಸಾರಿಸುವುದನ್ನು ಕಲಿಯಲು ಅಷ್ಟು ದೂರದ ಕಾಲೇಜು ಬೇಕಿರಲಿಲ್ಲ. ನಾನು ಎಸ್ಸೆಸ್ಸೆಲ್ಸಿಯಷ್ಟೇ ಓದಿದವಳು, ಒಪ್ಪುತ್ತೇನೆ. ಆದರೆ ಆ ಪುಸ್ತಕದಲ್ಲಿರುವ ಒಂದೊಂದು ಅಂಕಿಯೂ ನನ್ನದು. ಅದನ್ನು ನಿಮ್ಮದೆಂದು ಬರೆದುಕೊಳ್ಳುತ್ತೇನೆ ಎಂದಿರಲ್ಲ, ಬೈದದ್ದಕ್ಕಿಂತ ಅದೇ ಹೆಚ್ಚು ನೋಯಿಸಿತು.

ಅತ್ತೆ ಮಾವ ಇಬ್ಬರೂ ಆಶೀರ್ವಾದ ತಿಳಿಸಿದ್ದಾರೆ. ನನ್ನದು ರೂಢಿಯ ನಮಸ್ಕಾರ.

ಇಂತಿ,
ಏನೂ ತಿಳಿಯದ
ಕಸ್ತೂರಿ

ಮತ್ತೊಂದು ಮಾತು: ಪುಸ್ತಕಕ್ಕಾಗಿ ಕಾಯಬೇಡಿ. ನಿಮ್ಮ ಪ್ರೊಫೆಸರ್ ಮರುಳಸಿದ್ದಪ್ಪನವರು ನಿನ್ನೆ ಜೀಪಿನಲ್ಲಿ ಗುಂಡಿ ನೋಡಲು ಬಂದಿದ್ದರು. ಅವರು ಕೇಳಿದರು, ಕೊಟ್ಟೆ. ಹನ್ನೊಂದನೆಯ ದಿನದ ಹಾಳೆಯಲ್ಲಿ ನಿಮ್ಮ ಕಾರ್ಡೂ ಇತ್ತು. ಜೀಪು ಹೋದ ಮೇಲೆ ನೆನಪಾಯಿತು ಎಂದು ಬರೆಯೋಣವೆಂದಿದ್ದೆ. ಇಲ್ಲ, ಕೊಡುವಾಗಲೇ ನೆನಪಿತ್ತು.