ಮಗುವನ್ನು ಕೊಟ್ಟವರು ಯಾರು

ಬೇಸೊ, ತರವಾ
ಆಗಸ್ಟ್ 14, ಗುರುವಾರ

ಮಗಾ ಬರಾನಿಕೊ,

ಹೇಗಿದ್ದೀಯಪ್ಪ? ಹಡಗಿನ ಎಂಜಿನ್ ಕೋಣೆಯ ಬಿಸಿಗೆ ಕೆಮ್ಮು ಮತ್ತೆ ಎದ್ದಿಲ್ಲ ತಾನೆ? ನನ್ನ ಮಂಡಿ ಇದ್ದ ಹಾಗೇ ಇದೆ, ಅದರ ಸುದ್ದಿ ಬಿಡು. ನಿನ್ನ ಮಗಳು ರೀನೆಗೆ ಎರಡು ಹಲ್ಲು ಬಂದಿವೆ. ದೀವಿಹಲಸು ತಿನ್ನಿಸಿದರೆ ನನ್ನ ಬೆರಳನ್ನೂ ಸೇರಿಸಿ ಕಚ್ಚುತ್ತಾಳೆ, ಥೇಟ್ ನಿನ್ನ ಹಾಗೆ. ಈ ಕಾಗದವನ್ನು ಪಕ್ಕದ ಮನೆಯ ಟೆಬುವಾಯ್ ಕೈಯಲ್ಲಿ ಕಳಿಸುತ್ತಿದ್ದೇನೆ, ಅವನೂ ನಿನ್ನ ಹಡಗನ್ನೇ ಹತ್ತುತ್ತಾನಂತೆ. ಇಮೇಲ್ ಯಾಕಿಲ್ಲ ಅಂತೀಯಾ, ಹೇಳುತ್ತೇನೆ.

ಅಬೆಮಾಮಾ ದ್ವೀಪದಿಂದ ನಿನ್ನ ಸೋದರಮಾವ ಉರಿಯಾಮ್ ಹೋದ ತಿಂಗಳು ನಿನಗೆ ಇಮೇಲ್ ಮಾಡಿದ್ದ. "ನಮ್ಮ ಮನೆ ಭಣಗುಟ್ಟುತ್ತದೆ ಕಣೋ, ನಿನ್ನ ಕೂಸು ನಮ್ಮಲ್ಲಿಗೆ ಬರಲಿ" ಅಂತ. ಮಕ್ಕಳಿಲ್ಲದ ದೊಡ್ಡವರು ಹೀಗಂದರೆ ನಾಲ್ಕು ದಿನ ಇದ್ದು ಹೋಗಲಿ ಅಂತಲ್ಲ, ಸಾಕುಮಗಳಾಗಿ ಕೊಡು ಅಂತ. ಇದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ನಂಟರು ಕೇಳಿದರೆ ಇಲ್ಲ ಅನ್ನುವ ಬಾಯಿ ನಮಗಿಲ್ಲ, ಹೂಂ ಅಂದಮೇಲೆ ಕೊಟ್ಟ ಹಾಗೇ. ಅದಕ್ಕೇ ಇಂಥ ಮಾತು ಬಂದಾಗಲೆಲ್ಲ ನಿಮ್ಮಪ್ಪ ಮೀನಿನ ಸುದ್ದಿ ತೆಗೆದು ಹೊತ್ತು ಕಳೆಯುತ್ತಿದ್ದರು.

ನಿನ್ನಿಂದ ಉತ್ತರ ಹೋಯಿತಲ್ಲ, ನನ್ನ ಅಣ್ಣ ಅದನ್ನು ಅವನ ಊರ ಚಾವಡಿಯಲ್ಲಿ ಎಲ್ಲರ ಮುಂದೆ ಓದಿಸಿದನಂತೆ. "ಮಾವಾ, ನನಗೆ ಈಜು ಕಲಿಸಿದವರು ನೀವು. ನಿಮ್ಮ ಮನೆ ನನ್ನ ಮಗಳದ್ದೂ ಹೌದು. ಯಾವಾಗ ಬೇಕಾದರೂ ಬಂದು ಕರೆದುಕೊಂಡು ಹೋಗಿ." ಕೇಳಿದವರೆಲ್ಲ ಕಣ್ಣೀರು ಹಾಕಿದರಂತೆ. ಅತ್ತಿಗೆ ಮಗುವಿಗೆ ಚಾಪೆ ನೇಯ್ದಿಟ್ಟಿದ್ದಾಳೆ. ಶನಿವಾರದ ದೋಣಿಗೆ ಇಬ್ಬರೂ ಬರುತ್ತಾರೆ.

ನಿನ್ನ ಹೆಂಡತಿ ಅಕೋಯಾ ಅನ್ನ ಮುಟ್ಟಿಲ್ಲ. "ಅತ್ತೆ, ಅದನ್ನು ಬರೆದದ್ದು ಅವರಲ್ಲ. ಹಳೇ ಇಮೇಲುಗಳನ್ನೆಲ್ಲ ಓದಿ ಅವರ ಹಾಗೇ ಉತ್ತರ ಬರೆದಿಡುವ ಎಐ ಇಟ್ಟುಕೊಂಡಿದ್ದಾರೆ. ಬಂದರು ಸಿಕ್ಕಾಗ ಓದದೆ ಎಲ್ಲಕ್ಕೂ ಕಳಿಸುವ ಗುಂಡಿ ಒತ್ತುತ್ತಾರೆ" ಅಂದಳು. ನನ್ನ ಮಗ ಅಂಥವನಲ್ಲ ಅಂತ ಅವಳನ್ನೇ ಗದರಿದೆ. ನಿನ್ನನ್ನೇ ಕೇಳೋಣ ಅಂತ ಅವಳ ಕೈಯಲ್ಲೇ ಇಮೇಲ್ ಬರೆಸಿದೆ. "ಅಮ್ಮಾ, ನೀವು ಏನೇ ನಿರ್ಧರಿಸಿದರೂ ನನ್ನ ಪ್ರೀತಿ ಸದಾ ನಿಮ್ಮೊಂದಿಗಿದೆ" ಅಂತ ಬಂತು. ಹುಟ್ಟಿದಾಗಿನಿಂದ ನೀನು ನನ್ನ ಹತ್ತಿರ ಇಷ್ಟು ನಯವಾಗಿ ಮಾತಾಡಿದವನಲ್ಲ. ಆಗ ಅಕೋಯಾ ಹೇಳಿದ್ದನ್ನು ನಂಬಿದೆ. ಅದಕ್ಕೂ ಗುಂಡಿ ಒತ್ತಿದವನು ನೀನೇ ಅಲ್ಲವೇನೋ?

ಯಂತ್ರ ಬರೆದದ್ದು ಅಂದರೆ ಅಣ್ಣ ನಂಬುವುದಿಲ್ಲ. ನಂಬಿದರೆ ಇನ್ನೂ ಕೆಟ್ಟದ್ದು, ಅಳಿಯ ತನ್ನ ಮಾತನ್ನು ಓದಲೂ ಇಲ್ಲ ಅಂತ ತಿಳಿದುಹೋಗುತ್ತದೆ. ಮೂರು ದಿನದಿಂದ ಇದೇ ಯೋಚನೆ, ನಿದ್ದೆಯಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಕಡಲು ನಿನ್ನನ್ನು ಹುಷಾರಾಗಿ ಮನೆ ಮುಟ್ಟಿಸಲಿ.

ನಿನ್ನ ತಾಯಿ,
ಕಟರಿನಾ

ಇನ್ನೊಂದು ಮಾತು. ಟೆಬುವಾಯ್ ಬಾಗಿಲಲ್ಲಿ ನಿಂತಿದ್ದಾನೆ. ಈಗಷ್ಟೇ ಅಣ್ಣನಿಗೆ ಫೋನ್ ಮಾಡಿ ಮಗುವನ್ನು ಕೊಡುವುದಿಲ್ಲ ಅಂದೆ. ನಿನ್ನ ಯಂತ್ರದ ಸುದ್ದಿ ಎತ್ತಲಿಲ್ಲ, ಅಜ್ಜಿಯಾದ ನನಗೇ ಮನಸ್ಸಿಲ್ಲ ಅಂದೆ. ನೀನು ಒಂದು ಸಾಲು ಅವನಿಗೆ ಬರೆ, ನಿನ್ನ ಕೈಯಾರೆ. ಅಣ್ಣ, "ನನಗೆ ಮಕ್ಕಳಿರಲಿಲ್ಲ, ಇನ್ನು ತಂಗಿಯೂ ಇಲ್ಲ" ಅಂದು ಫೋನ್ ಇಟ್ಟ.